ಮೇಲ್ ಕಳಿಸೀನಿ ಸಾರ್, ಬಂದಿಲ್ಲೇನು?

ಹೊಸಪೇಟೆಯ ಯಾವುದಾದರೂ ಕಚೇರಿಯಲ್ಲಿ ಅರ್ಧ ಗಂಟೆ ಕೂತರೆ ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. "ಮೇಲ್ ಕಳಿಸೀನಿ ಸಾರ್, ಬಂದಿಲ್ಲೇನು?" ಆ ಕಡೆಯಿಂದ "ಇಲ್ಲಪ್ಪ, ಬಂದಿಲ್ಲ." "ಸ್ಪ್ಯಾಮ್‌ನಾಗೆ ನೋಡ್ರಿ." "ಅಲ್ಲೂ ಇಲ್ಲ." ಕೊನೆಗೆ "ಸರ್ವರ್ ಡೌನ್ ಇರಬೇಕು" ಎಂದು ಇಬ್ಬರೂ ರಾಜಿಯಾಗಿ, ಕಾಗದದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಪಾಪದ ಸರ್ವರ್! ಬಹಳ ಸಲ ಅದು ಎದ್ದೇ ಇರುತ್ತದೆ. ಪತ್ರ ಎಷ್ಟು ಗಂಟೆಗೆ ಬಂತು, ಎಲ್ಲಿಗೆ ಹೊರಟಿತು, ಯಾರ ಬಾಗಿಲಲ್ಲಿ ನಿಂತಿತು, ಅವರು ಏನಂದರು, ಎಲ್ಲವನ್ನೂ ಬರೆದಿಟ್ಟಿರುತ್ತದೆ. ಓದುವವರಿಲ್ಲ, ಅಷ್ಟೆ.

ಆ ಬರಹವನ್ನು ಓದುವ ವಿದ್ಯೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಸಣ್ಣಪುಟ್ಟ ಸಂಸ್ಥೆಗಳ ಮೇಲ್ ಸರ್ವರ್ ನೋಡಿಕೊಳ್ಳುವುದು ನನ್ನ ಕಸುಬು. ಕೆಲಸವೆಲ್ಲ ಕರಿ ಪರದೆಯ ಮೇಲೆ. ಬಣ್ಣದ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಒಂದು ಸಾಲು ಟೈಪು ಮಾಡಿದರೆ ಸರ್ವರ್ ನಾಲ್ಕು ಸಾಲು ಉತ್ತರ ಕೊಡುತ್ತದೆ. ಇದಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ. ನೋಡಿದವರು ಹೆದರುತ್ತಾರೆ. ಆದರೆ ರೇಡಿಯೋದಲ್ಲಿ ಹೇಳಿ ಅರ್ಥ ಮಾಡಿಸಬಹುದಾದ ಕಂಪ್ಯೂಟರ್ ಕೆಲಸ ಯಾವುದಾದರೂ ಇದ್ದರೆ ಇದೊಂದೇ, ಏಕೆಂದರೆ ಇಲ್ಲಿ ಇರುವುದೆಲ್ಲ ಮಾತು.

ನಮ್ಮ ಸೀಮೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ಸಂಡೂರಿನ ಅದಿರು ಇ-ಹರಾಜಿನಲ್ಲೇ ಮಾರಾಟವಾಗಬೇಕು ಎಂದಾಯಿತು. 2022ರ ಮೇ ತಿಂಗಳಲ್ಲಿ ಕೋರ್ಟು ಆ ಕಟ್ಟು ಸಡಿಲಿಸುವವರೆಗೂ ಹಾಗೇ ನಡೆಯಿತು. ಲಾರಿ ಮಾಲೀಕರು, ತೂಕದ ಸೇತುವೆಯವರು, ಗುತ್ತಿಗೆದಾರರು ಎಲ್ಲರೂ ಪೆನ್ನು ಬಿಟ್ಟು ಮೌಸ್ ಹಿಡಿದ ಕಾಲ ಅದು. ಹಂಪಿ, ಕಮಲಾಪುರ, ಆನೆಗುಂದಿಯ ತಂಗುಮನೆಗಳಿಗೆ ಫ್ರಾನ್ಸಿನಿಂದ, ಇಸ್ರೇಲಿನಿಂದ ಕೋಣೆ ಕೇಳಿ ಪತ್ರ ಬರುತ್ತವೆ. ಕಂಪ್ಲಿಯ ಅಕ್ಕಿ ಗಿರಣಿಗೆ ಆರ್ಡರು ಮೇಲಿನಲ್ಲಿ ಬರುತ್ತದೆ, ಟೆಂಡರಿನ ತಿದ್ದುಪಡಿಯೂ ಅದರಲ್ಲೇ. ಒಂದು ಪತ್ರ ತಪ್ಪಿದರೆ ತಪ್ಪುವುದು ದುಡ್ಡು.

ಹಿಂದಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಪತ್ರ ಕಳಿಸಲು ಹೆಸರಿಗೂ ಯಂತ್ರಕ್ಕೂ ನಡುವೆ ಅಟ್ ಗುರುತು ಇಟ್ಟವರು ಅಮೆರಿಕದ ರೇ ಟಾಮ್ಲಿನ್ಸನ್, 1971ರಲ್ಲಿ. ಸರ್ವರ್‌ಗಳು ತಮ್ಮ ತಮ್ಮಲ್ಲಿ ಹೇಗೆ ಮಾತಾಡಬೇಕು ಎಂಬ ನಿಯಮವನ್ನು ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಬರೆದರು. ಅದರ ಹೆಸರು ಎಸ್‌ಎಂಟಿಪಿ. ಭಾರತದಲ್ಲಿ ಎರ್ನೆಟ್ ಎಂಬ ಜಾಲ 1986ರಲ್ಲಿ ಶುರುವಾದಾಗ ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾಮಾನ್ಯ ಜನರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಇಷ್ಟು ಸಾಕು. ಪೋಸ್ಟೆಲ್ ಬರೆದ ಆ ಮಾತುಕತೆ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ನಡೆಯುತ್ತಿದೆ ಎಂಬುದು ನನಗೆ ಈಗಲೂ ಸೋಜಿಗ.

ಆ ಮಾತುಕತೆ ಹೇಗಿರುತ್ತದೆ ಎಂದು ಒಮ್ಮೆ ಆಡಿ ತೋರಿಸುತ್ತೇನೆ. ನಮ್ಮ ಸರ್ವರ್ ಆ ಕಡೆಯ ಸರ್ವರಿನ 25ನೇ ಪೋರ್ಟ್ ಎಂಬ ಬಾಗಿಲು ತಟ್ಟುತ್ತದೆ. ಆ ಕಡೆಯಿಂದ "220, ಸಿದ್ಧವಿದ್ದೇನೆ." ನಮ್ಮದು "ಇ-ಹೆಲೋ, ನಾನು ಇಂಥ ಊರಿನ ಇಂಥ ಸರ್ವರ್." ಆ ಕಡೆ "250, ಆಗಲಿ." "ಮೇಲ್ ಫ್ರಮ್, ಇಂಥವರು ಕಳಿಸಿದ್ದು." "250." "ಆರ್‌ಸಿಪಿಟಿ ಟು, ನಿಮ್ಮಲ್ಲಿರುವ ಇಂಥವರಿಗೆ." ಇಲ್ಲಿ ಆ ಕಡೆಯ ಸರ್ವರ್ ಸ್ವಲ್ಪ ತಡೆದು ಯೋಚಿಸುತ್ತದೆ. ಅಂಥ ಹೆಸರಿನವರು ಇದ್ದರೆ 250, ಇಲ್ಲದಿದ್ದರೆ ಮುಲಾಜಿಲ್ಲದೆ "550, ಅಂಥವರು ಇಲ್ಲಿಲ್ಲ." ಇದ್ದರು ಎಂದುಕೊಳ್ಳಿ. ನಾವು "ಡೇಟಾ" ಎನ್ನುತ್ತೇವೆ. "354, ಹೇಳಿ, ಮುಗಿದ ಮೇಲೆ ಒಂದು ಸಾಲಿನಲ್ಲಿ ಬರೀ ಚುಕ್ಕೆ ಇಡಿ." ಪತ್ರವೆಲ್ಲ ಹೇಳಿ ಚುಕ್ಕೆ ಇಟ್ಟರೆ "250, ತೆಗೆದುಕೊಂಡೆ." ಕೊನೆಗೆ "ಕ್ವಿಟ್", "221, ಹೋಗಿ ಬನ್ನಿ." ಟೆಲ್‌ನೆಟ್ ಎಂಬ ಹಳೆಯ ಸಲಕರಣೆಯಿಂದ ನಾವೇ ಕೂತು ಈ ಸಂಭಾಷಣೆ ನಡೆಸಬಹುದು. ಹೊಸಬರಿಗೆ ಕಲಿಸುವಾಗ ನಾನು ಮೊದಲು ಇದನ್ನೇ ಮಾಡಿಸುವುದು. ಒಮ್ಮೆ ತಮ್ಮ ಕೈಯಾರೆ ಚುಕ್ಕೆ ಇಟ್ಟು 250 ಪಡೆದವರಿಗೆ ಸರ್ವರ್ ಎಂದರೆ ಭೂತ ಎಂಬ ಭಾವನೆ ಹೋಗುತ್ತದೆ.

ಈಗ ಆ ಸಂಖ್ಯೆಗಳ ಮೊದಲ ಅಂಕಿ ನೋಡಿ. ಎರಡು ಎಂದರೆ ಆಯಿತು. ನಾಲ್ಕು ಎಂದರೆ ಈಗ ಬೇಡ, ಆಮೇಲೆ ಬಾ. ಐದು ಎಂದರೆ ಆಗುವುದಿಲ್ಲ, ಮತ್ತೆ ಬರಬೇಡ. ಲಾಗ್ ಎಂಬ ದಿನಚರಿಯಲ್ಲಿ ಪ್ರತಿ ಪತ್ರಕ್ಕೂ ಒಂದು ಗುರುತಿನ ಸಂಖ್ಯೆ, ಕಳಿಸಿದವರು, ಪಡೆಯುವವರು, ಯಾವ ಸರ್ವರಿಗೆ ಕೊಟ್ಟಿದ್ದು, ಎಷ್ಟು ಸೆಕೆಂಡು ಹಿಡಿಯಿತು, ಆ ಕಡೆಯವರು ಕೊನೆಗೆ ಆಡಿದ ಮಾತೇನು, ಎಲ್ಲ ಇರುತ್ತದೆ. "ಗ್ರೆಪ್" ಎಂದು ಬರೆದು ಪಡೆಯುವವರ ವಿಳಾಸ ಕೊಟ್ಟರೆ ಸಾವಿರಾರು ಸಾಲುಗಳ ನಡುವಿನಿಂದ ಆ ಪತ್ರದ ಸಾಲು ಎದ್ದು ಬರುತ್ತದೆ. ಅಲ್ಲಿ "ಸ್ಟೇಟಸ್ ಸೆಂಟ್, 250" ಎಂದಿದ್ದರೆ ನಮ್ಮ ಕೆಲಸ ಮುಗಿದಿದೆ, ಆ ಕಡೆಯವರು ಒಪ್ಪಿಸಿಕೊಂಡಿದ್ದಾರೆ. ಅದನ್ನು ಇನ್‌ಬಾಕ್ಸಿಗೆ ಹಾಕಿದರೋ ಸ್ಪ್ಯಾಮಿಗೆ ತಳ್ಳಿದರೋ ಲಾಗ್ ಹೇಳುವುದಿಲ್ಲ. ಆದರೆ ಇಂಥ ದಿನ ಇಂಥ ಹೊತ್ತಿಗೆ ನಿಮ್ಮ ಸರ್ವರ್ ಈ ಪತ್ರವನ್ನು ಸ್ವೀಕರಿಸಿದೆ ಎಂದು ಆ ಸಾಲನ್ನೇ ಎತ್ತಿ ತೋರಿಸಿದರೆ "ಬಂದಿಲ್ಲ" ಎನ್ನುವವರು ಇನ್ನೊಮ್ಮೆ ಹುಡುಕುತ್ತಾರೆ. ಒಂದು ಎಚ್ಚರ: ಅನೇಕ ಸರ್ವರ್‌ಗಳ ಗಡಿಯಾರ ಗ್ರೀನಿಚ್ ಕಾಲದ್ದು. ನಮ್ಮ ಬೆಳಿಗ್ಗೆಯ ಹತ್ತು ಗಂಟೆ ಅಲ್ಲಿ ನಾಲ್ಕೂವರೆ. ಇದು ಮರೆತರೆ ಇರುವ ಪತ್ರವನ್ನು ಇಲ್ಲದ ಹೊತ್ತಿನಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ.

ನಾಲ್ಕರ ಸಂಖ್ಯೆಯ ಪತ್ರಗಳ ಗತಿ ಏನು? ಅವು ಸರದಿಯಲ್ಲಿ ಕಾಯುತ್ತವೆ. ನಾನು ಬಳಸುವುದು ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ. ವೀಟ್ಸೆ ವೆನೆಮಾ ಎಂಬುವರು ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಿಟ್ಟರು. ಬಿಟ್ಟಿ ಸಿಗುತ್ತದೆ, ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಅದರೊಳಗೆ ಸರದಿಯನ್ನು ನೋಡಿಕೊಳ್ಳುವ ಒಂದು ಭಾಗವಿದೆ. ರಾಯ ಕಾಲುವೆ, ಬಸವ ಕಾಲುವೆಯ ನೀರು ಕಂಡವರಿಗೆ ಅದನ್ನು ಸುಲಭವಾಗಿ ಹೇಳಬಹುದು: ಅದು ನೀರಗಂಟಿ. ತಲೆಭಾಗದ ಒಂದು ಗದ್ದೆಯವನು ತೂಬು ತೆರೆದುಕೊಂಡು ಕೂತರೆ ಕೊನೆಭಾಗದವನಿಗೆ ಹನಿ ನೀರೂ ಮುಟ್ಟುವುದಿಲ್ಲವಲ್ಲ, ಹಾಗಾಗದಂತೆ ಒಂದೊಂದು ಸರ್ವರಿಗೂ ಒಮ್ಮೆಗೆ ಇಷ್ಟೇ ಪತ್ರ ಎಂದು ಅಳೆದು ಬಿಡುತ್ತದೆ. ಒಂದು ಕಡೆ ಬಾಗಿಲು ಮುಚ್ಚಿದ್ದರೆ ಉಳಿದವರ ಪತ್ರ ನಿಲ್ಲುವುದಿಲ್ಲ.

"ಮೇಲ್‌ಕ್ಯೂ" ಎಂದು ಬರೆದರೆ ಕಾಯುತ್ತಿರುವ ಪತ್ರಗಳ ಪಟ್ಟಿ, ಪ್ರತಿಯೊಂದರ ಕೆಳಗೆ ತಡೆಯ ಕಾರಣ. ಕೆಲವು ಸರ್ವರ್‌ಗಳು ಗುರುತಿಲ್ಲದವರು ಮೊದಲ ಸಲ ಬಾಗಿಲು ತಟ್ಟಿದಾಗ ಬೇಕೆಂದೇ "450, ಆಮೇಲೆ ಬಾ" ಎನ್ನುತ್ತವೆ. ಕಸದ ಪತ್ರ ಹಂಚುವವರಿಗೆ ಕಾಯುವ ತಾಳ್ಮೆ ಇರುವುದಿಲ್ಲ, ಸಾಚಾ ಸರ್ವರ್ ಮತ್ತೆ ಬರುತ್ತದೆ ಎಂಬ ಲೆಕ್ಕ. ಪೋಸ್ಟ್‌ಫಿಕ್ಸ್ ಐದು ನಿಮಿಷಕ್ಕೆ ಶುರುಮಾಡಿ, ಅಂತರ ಹೆಚ್ಚಿಸುತ್ತಾ, ಗಂಟೆಗೊಮ್ಮೆ ಎಂಬಂತೆ ಐದು ದಿನ ಪ್ರಯತ್ನಿಸುತ್ತದೆ. ಐದು ದಿನ ಕಳೆದರೂ ಆಗದಿದ್ದರೆ ಆಗ ಕಳಿಸಿದವರಿಗೆ ಪತ್ರ ವಾಪಸು. ಇಲ್ಲಿ ನನ್ನದೊಂದು ತಕರಾರಿದೆ. ಆ ಐದೂ ದಿನ ಕಳಿಸಿದವರಿಗೆ ಒಂದು ಮಾತೂ ತಿಳಿಸದೆ ಇರುವುದು ಪೋಸ್ಟ್‌ಫಿಕ್ಸಿನ ಮೂಲ ಸ್ವಭಾವ. ಟೆಂಡರಿಗೆ ಮೂರು ದಿನ ಉಳಿದಿರುವಾಗ ಐದು ದಿನದ ಮೌನ ಯಾರಿಗೆ ಬೇಕು? "ಪೋಸ್ಟ್‌ಕಾನ್ಫ್" ಎಂಬ ಕಮಾಂಡಿನಿಂದ ತಡದ ಎಚ್ಚರಿಕೆಯ ಅವಧಿಯನ್ನು ನಾಲ್ಕು ಗಂಟೆಗೆ ಇಟ್ಟು, ಸರ್ವರಿಗೆ ರೀಲೋಡ್ ಹೇಳಿದರೆ "ನಿಮ್ಮ ಪತ್ರ ಇನ್ನೂ ತಲುಪಿಲ್ಲ, ಪ್ರಯತ್ನ ನಡೆದಿದೆ" ಎಂದು ಅದೇ ತಿಳಿಸುತ್ತದೆ. ಯಾವ ಹೊಸ ಸರ್ವರ್ ಕೈಗೆ ಬಂದರೂ ನಾನು ಮೊದಲು ತಿರುಗಿಸುವ ತಿರುಪು ಇದು.

ಇನ್ನು ಕಳ್ಳತನದ ವಿಷಯ. ಊರ ಹೆಸರು, ಅಟ್ ಗುರುತು, ಒಂದು ಎರಡು ಮೂರು: ಇಂಥ ಪಾಸ್‌ವರ್ಡ್ ನಮ್ಮ ಸೀಮೆಯಲ್ಲಿ ಎಷ್ಟು ಮಂದಿ ಇಟ್ಟುಕೊಂಡಿದ್ದಾರೋ ದೇವರಿಗೇ ಗೊತ್ತು. ಒಬ್ಬರದು ಒಡೆದರೆ ಸಾಕು, ರಾತ್ರೋರಾತ್ರಿ ಆ ಖಾತೆಯಿಂದ ಊರೂರಿಗೆ ಕಸದ ಪತ್ರ ಹೊರಡುತ್ತವೆ. ಬೆಳಗಾಗುವ ಹೊತ್ತಿಗೆ ನಿಮ್ಮ ಸರ್ವರ್ ಕೆಟ್ಟವರ ಪಟ್ಟಿ ಸೇರಿ, ಒಳ್ಳೆಯ ಪತ್ರಗಳಿಗೂ 550 ಬೀಳುತ್ತದೆ. ಪತ್ತೆ ಹಚ್ಚುವುದು ಕಷ್ಟವಲ್ಲ. ಲಾಗಿನಿಂದ ಲಾಗಿನ್ ಹೆಸರುಗಳನ್ನಷ್ಟೇ ಗ್ರೆಪ್‌ನಿಂದ ಎತ್ತಿ, "ಸಾರ್ಟ್"ನಿಂದ ಜೋಡಿಸಿ, "ಯೂನಿಕ್ ಮೈನಸ್ ಸಿ"ಯಿಂದ ಎಣಿಸಿದರೆ ಯಾರ ಖಾತೆ ರಾತ್ರಿಯಿಡೀ ಎಚ್ಚರವಿತ್ತು ಎಂದು ಕಾಣುತ್ತದೆ. ಮೂರು ಸಣ್ಣ ಕಮಾಂಡುಗಳು, ನಡುವೆ ಎರಡು ನಿಲುಗೆರೆ. ಆಮೇಲೆ ಪಾಸ್‌ವರ್ಡ್ ಬದಲಿಸಿ. ಬದಲಿಸಿದರೂ ಒಳಗೆ ಕೂತ ಕಳ್ಳ ಕೂತೇ ಇರಬಹುದು, "ಡವ್‌ಆಡ್ಮ್ ಕಿಕ್" ಎಂಬ ಕಮಾಂಡಿನಿಂದ ಅವನನ್ನು ಹೊರದಬ್ಬಬೇಕು. ಇನ್ನು ಸರದಿಯಲ್ಲಿ ಉಳಿದ ಕಸ. "ಪೋಸ್ಟ್‌ಸೂಪರ್ ಮೈನಸ್ ಡಿ" ಅಳಿಸುವ ಕಮಾಂಡು. ಅದರ ಮುಂದೆ ಗುರುತಿನ ಸಂಖ್ಯೆ ಕೊಟ್ಟರೆ ಒಂದು ಪತ್ರ ಹೋಗುತ್ತದೆ. ಆಲ್ ಎಂದು ಬರೆದರೆ ಕಸದ ಜೊತೆ ಕಾಳೂ ಹೋಗುತ್ತದೆ. ಆ ಪದವನ್ನು ದೊಡ್ಡಕ್ಷರಗಳಲ್ಲೇ ಬರೆಯಬೇಕು ಎಂದು ವೆನೆಮಾ ನಿಯಮ ಮಾಡಿದ್ದಾರೆ, ಕೈ ಸ್ವಲ್ಪ ತಡೆಯಲಿ ಎಂದು. ನಾನು ಮೊದಲು "ಮೈನಸ್ ಎಚ್" ಕೊಟ್ಟು ಎಲ್ಲವನ್ನೂ ತಡೆಹಿಡಿದು, ಆಮೇಲೆ ಆರಿಸುವ ಪೈಕಿ.

ಹಂಪಿಯ ಸುತ್ತ ತಂಗುಮನೆ ನಡೆಸುವವರಿಗೆ ಒಂದು ಮಾತು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡಬೇಕಲ್ಲ, ಅದಕ್ಕಾಗಿ ಪಾಸ್‌ಪೋರ್ಟ್, ವೀಸಾದ ಚಿತ್ರಗಳನ್ನು ಮೇಲಿನಲ್ಲಿ ತರಿಸಿಕೊಳ್ಳುತ್ತೀರಿ. ಅವು ವರ್ಷಗಟ್ಟಲೆ ಪೆಟ್ಟಿಗೆಯಲ್ಲೇ ಬಿದ್ದಿರುತ್ತವೆ. ಒಂದು ದಿನ ಡಿಸ್ಕು ತುಂಬಿ ಸರ್ವರ್ "452, ಜಾಗವಿಲ್ಲ" ಎನ್ನುತ್ತದೆ, ಹೊಸ ಬುಕ್ಕಿಂಗ್ ಬಾಗಿಲಲ್ಲೇ ನಿಲ್ಲುತ್ತದೆ. ಜಾಗದ ಮಾತು ಹಾಗಿರಲಿ, ಪರದೇಶದವರ ಪಾಸ್‌ಪೋರ್ಟ್ ಪ್ರತಿಗಳ ರಾಶಿ ಮೊದಲು ಹೇಳಿದಂಥ ಪಾಸ್‌ವರ್ಡಿನ ಹಿಂದೆ ಇರುವುದು ನನಗೆ ಅದಕ್ಕಿಂತ ದೊಡ್ಡ ಚಿಂತೆ. ಡವ್‌ಆಡ್ಮ್‌ಗೆ ಇಷ್ಟು ದಿನಕ್ಕಿಂತ ಹಳೆಯ ಪತ್ರ ಅಳಿಸು ಎಂದು ಹೇಳಬಹುದು. ಆದರೆ ಅದೇ ಷರತ್ತು ಕೊಟ್ಟು ಮೊದಲು "ಸರ್ಚ್" ಮಾಡಿ, ಯಾವ ಯಾವ ಪತ್ರ ಬರುತ್ತವೆಂದು ಕಣ್ಣಾರೆ ನೋಡಿ, ಆಮೇಲೆ "ಎಕ್ಸ್‌ಪಂಜ್." ಲೆಕ್ಕಕ್ಕೆ, ಕಾನೂನಿಗೆ ಬೇಕಾದ್ದನ್ನು ಮೊದಲೇ ಬೇರೆ ಎತ್ತಿಟ್ಟುಕೊಳ್ಳಿ.

ಇನ್ನು ಮೋಸದ ಪತ್ರಗಳು. ಪತ್ರದ ತಲೆಯಲ್ಲಿರುವ ಹೆಸರು ಒಂದು, "ಮೇಲ್ ಫ್ರಮ್" ಎಂದು ಹೇಳಿದ ಲಕೋಟೆಯ ಮೇಲಿನ ಹೆಸರು ಇನ್ನೊಂದು ಇರಬಹುದು. ಎಸ್‌ಎಂಟಿಪಿ ಇದನ್ನು ತಡೆಯುವುದಿಲ್ಲ. ಅದಿರು ಸಾಗಿಸುವವರಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ ಹಣ ಇದಕ್ಕೆ ಹಾಕಿ" ಎಂದು ಬರುವ ಮೋಸದ ಪತ್ರಗಳು ಬದುಕುವುದೇ ಈ ಸಂದಿಯಲ್ಲಿ. ಹಾಗಾಗಿ ಪತ್ರದ ಮೂಲರೂಪ ತೆರೆದು "ರಿಸೀವ್ಡ್" ಎಂಬ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಪ್ರತಿ ಸರ್ವರೂ ತನ್ನ ಮುದ್ರೆಯನ್ನು ಮೇಲೆ ಒತ್ತುತ್ತಾ ಹೋಗುತ್ತದೆ. ವಿಜಯನಗರವನ್ನು ಕಂಡು ಬರೆದ ಪಯಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹಗಳು ಗೋವಾದಿಂದ ಒಂದು ಜೊತೆಪತ್ರದೊಂದಿಗೆ ಯುರೋಪಿಗೆ ಹೋಗಿ, ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಸಿಕ್ಕವು. ರಾಬರ್ಟ್ ಸಿವೆಲ್ 1900ರಲ್ಲಿ ಅವನ್ನು ಇಂಗ್ಲಿಷಿನಲ್ಲಿ ತಂದ. ಆ ಪತ್ರ ಯಾರು ಯಾರಿಗೆ ಬರೆದದ್ದು ಎಂದು ವಿದ್ವಾಂಸರು ಊಹಿಸಬೇಕಾಯಿತು. ಅದಕ್ಕೊಂದು ರಿಸೀವ್ಡ್ ಸಾಲು ಇದ್ದಿದ್ದರೆ!

ಇಂಥ ಸೋಗಿಗೆ ತಡೆಯಾಗಿ ಈಗ ಮೂರು ಏರ್ಪಾಡುಗಳಿವೆ. ನಮ್ಮ ಹೆಸರಿನಲ್ಲಿ ಪತ್ರ ಕಳಿಸಲು ಯಾವ ಸರ್ವರಿಗೆ ಹಕ್ಕಿದೆ ಎಂದು ಸಾರುವ ಎಸ್‌ಪಿಎಫ್. ಪತ್ರಕ್ಕೆ ರುಜು ಹಾಕುವ ಡಿಕಿಮ್. ಇವೆರಡೂ ಸರಿಹೋಗದಿದ್ದರೆ ಏನು ಮಾಡಬೇಕೆಂದು ಹೇಳುವ ಡಿಮಾರ್ಕ್. 2024ರ ಫೆಬ್ರುವರಿಯಿಂದ ಗೂಗಲ್ ಮತ್ತು ಯಾಹೂ ಇವನ್ನು ಬಿಗಿಯಾಗಿ ಕೇಳತೊಡಗಿದವು. "ಡಿಗ್" ಎಂಬ ಕಮಾಂಡಿಗೆ ನಿಮ್ಮ ಡೊಮೇನ್ ಹೆಸರು, ಅಂದರೆ ವಿಳಾಸದಲ್ಲಿ ಅಟ್ ಗುರುತಿನ ನಂತರದ ಭಾಗ, ಕೊಟ್ಟರೆ ಎಸ್‌ಪಿಎಫ್, ಡಿಮಾರ್ಕ್ ಇವೆಯೋ ಇಲ್ಲವೋ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಇದಕ್ಕೆ ಯಾರ ಅಪ್ಪಣೆಯೂ ಬೇಡ, ಬೇರೆಯವರ ಡೊಮೇನನ್ನೂ ನೋಡಬಹುದು.

ಇವುಗಳಿಗೆ ಬೀಳುವ ಪೆಟ್ಟು ಹಳೆಯ ವಿಳಾಸದಿಂದ ಹೊಸದಕ್ಕೆ ಪತ್ರ ತಿರುಗಿಸುವಾಗ. 2021ರಲ್ಲಿ ಬಳ್ಳಾರಿ ಎರಡಾಗಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಸಂಘಸಂಸ್ಥೆಗಳೂ ವ್ಯಾಪಾರಿಗಳೂ ಕಚೇರಿ ಬೇರೆ ಮಾಡಿ, ಹಳೆಯ ವಿಳಾಸಕ್ಕೆ ಬಂದದ್ದನ್ನು ಹೊಸದಕ್ಕೆ ದಾಟಿಸುವ ಏರ್ಪಾಟು ಮಾಡಿದರೆ, ದಾಟಿಸುವ ಸರ್ವರಿಗೆ ಮೂಲ ಕಳಿಸಿದವರ ಎಸ್‌ಪಿಎಫ್ ಹಕ್ಕು ಇರುವುದಿಲ್ಲ. ಪತ್ರ ಅನುಮಾನಕ್ಕೆ ಗುರಿಯಾಗುತ್ತದೆ. ಲಕೋಟೆಯ ವಿಳಾಸ ತಿದ್ದಿ ಬರೆಯುವ "ಪೋಸ್ಟ್‌ಎಸ್‌ಆರ್‌ಎಸ್‌ಡಿ" ಎಂಬ ಸಲಕರಣೆ ಇದಕ್ಕೆ ಮದ್ದು. ಕಾಗುಣಿತದ ತೊಡಕು ಬೇರೆ. ಕನ್ನಡದಲ್ಲಿ ನಾವು ಯಾವತ್ತೂ ಹೊಸಪೇಟೆಯವರೇ; ಇಂಗ್ಲಿಷಿನ ಹಾಸ್ಪೆಟ್ ಎಂಬುದು 2014ರ ನವೆಂಬರ್ 1ರಿಂದ ಹೊಸಪೇಟೆ ಎಂದಾಯಿತು. ಹಳೆಯ ಕಾಗುಣಿತದ ವಿಳಾಸ ಅಚ್ಚು ಹಾಕಿಸಿದ ಬಿಲ್ ಪುಸ್ತಕಗಳು ಇನ್ನೂ ಓಡಾಡುತ್ತಿವೆ. ಎರಡೂ ಕಾಗುಣಿತಗಳನ್ನು ಒಬ್ಬರಿಗೇ ಸೇರಿಸುವ ಒಂದು ಸಾಲು ಬರೆದು "ಪೋಸ್ಟ್‌ಮ್ಯಾಪ್" ಓಡಿಸಿ. ಎರಡು ನಿಮಿಷದ ಕೆಲಸ. ಮಾಡದೆ ಬಿಟ್ಟವರ ಗಿರಾಕಿಗಳು 550 ತಿಂದು ವಾಪಸು ಹೋಗುತ್ತಾರೆ.

ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಕನ್ನಡದಲ್ಲಿ ವಿಷಯ ಬರೆದ ಪತ್ರ ಸರ್ವರಿನೊಳಗೆ ಕನ್ನಡವಾಗಿ ಕಾಣುವುದಿಲ್ಲ. ಹಳೆಯ ದಾರಿಗಳು ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹೊರುತ್ತಿದ್ದುದರಿಂದ, ಉಳಿದ ಭಾಷೆಗಳನ್ನು ಅವುಗಳಲ್ಲೇ ಹೊದಿಸಿ ಕಳಿಸುವ ಮೈಮ್ ಎಂಬ ಕ್ರಮ 1992ರಲ್ಲಿ ಬಂತು. ಯೂನಿಕೋಡ್ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಬೇಸ್-64 ಹೊದಿಕೆಯಲ್ಲಿ ಮೂರು ಬೈಟಿಗೆ ನಾಲ್ಕು ಅಕ್ಷರ. ಲೆಕ್ಕ ಎಷ್ಟು ಅಚ್ಚುಕಟ್ಟಾಗಿ ಕೂರುತ್ತದೆ ನೋಡಿ: ಕನ್ನಡದ ಒಂದೊಂದು ಚಿಹ್ನೆಗೂ ಸರಿಯಾಗಿ ನಾಲ್ಕು ಅಕ್ಷರ. ಹಂಪಿ ಎಂಬುದರಲ್ಲಿ ಹ, ಸೊನ್ನೆ, ಪ, ಗುಡಿಸು, ಒಟ್ಟು ನಾಲ್ಕು ಚಿಹ್ನೆ. ಅದು ಕರಿ ಪರದೆಯ ಮೇಲೆ ಹೀಗೆ ಬರುತ್ತದೆ: ನಾಲ್ಕು ಎಲ್ ಕೆ ಐದು, ನಾಲ್ಕು ಎಲ್ ಕೆ ಸಿ, ನಾಲ್ಕು ಎಲ್ ಕೆ ಸಣ್ಣ ಕ್ಯೂ, ನಾಲ್ಕು ಎಲ್ ಕೆ ಓರೆಗೆರೆ. ನಮ್ಮ ವರ್ಣಮಾಲೆಯ ವ್ಯಂಜನಗಳೆಲ್ಲ "ನಾಲ್ಕು ಎಲ್ ಕೆ" ಎಂದೇ ಶುರು. ಉಕಾರ, ಎಕಾರ, ಒತ್ತಿನ ಗುರುತು ಬಂದರೆ "ನಾಲ್ಕು ಎಲ್ ಓ". ಕೊನೆಯ ಅಕ್ಷರ ಕಂಡರೆ ಅದು ಯಾವುದೆಂದು ತಿಳಿಯುತ್ತದೆ: ಐದು ಎಂದರೆ ಹ, ನಾಲ್ಕು ಎಂದರೆ ಸಂಡೂರಿನ ಸ, ದೊಡ್ಡ ವಿ ಎಂದರೆ ಕಂಪ್ಲಿಯ ಕ. ಮಧ್ಯೆ ಒಂದು ಖಾಲಿ ಜಾಗ ಬಂದರೆ ಲೆಕ್ಕ ಜಾರುತ್ತದೆ, ಮೊದಲ ಪದಕ್ಕೆ ಮಾತ್ರ ಇದು ನಂಬಿಕಸ್ತ; ಕೆಲವು ತಂತ್ರಾಂಶಗಳು ಬೇರೆ ಹೊದಿಕೆಯನ್ನೂ ಬಳಸುತ್ತವೆ. ಆದರೂ ಬಹಳ ದಿನ ನೋಡಿದವರಿಗೆ ಕನ್ನಡ ಪತ್ರ ದೂರದಿಂದಲೇ ಗುರುತು ಹತ್ತುತ್ತದೆ. ಕಸ ಬೇರ್ಪಡಿಸುವ ಜರಡಿ, ಅರ್ಥವಾಗದ್ದೆಲ್ಲ ಕಸವೆಂದು ಕನ್ನಡ ಪತ್ರಗಳನ್ನು ಬದಿಗೆ ಹಾಕುತ್ತಿದೆಯೇ ಎಂದು ತನಿಖೆ ಮಾಡಲು "ನಾಲ್ಕು ಎಲ್ ಕೆ" ಎಂದು ಗ್ರೆಪ್ ಮಾಡುವುದು ನನ್ನ ಅಭ್ಯಾಸ. ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಬೆರಳಚ್ಚಿಸಿ ಅಂಟಿಸಿದ ಪತ್ರಗಳು ಮಾತ್ರ ಈ ಬಲೆಗೆ ಬೀಳುವುದಿಲ್ಲ. ಅವು ಪಡೆದವರ ಪರದೆಯ ಮೇಲೂ ಪಿಶಾಚ ಭಾಷೆಯಂತೆ ಕಾಣುತ್ತವೆ. ದಯವಿಟ್ಟು ಯೂನಿಕೋಡಿನಲ್ಲಿ ಬರೆಯಿರಿ.

ವಿಳಾಸವನ್ನೇ ಕನ್ನಡದಲ್ಲಿ ಇಟ್ಟುಕೊಳ್ಳಬಹುದೇ? ಆಗುತ್ತದೆ. ಡಾಟ್ ಭಾರತ ಎಂಬುದು ಕನ್ನಡ ಲಿಪಿಯಲ್ಲೇ ಇದೆ. ಪೋಸ್ಟ್‌ಫಿಕ್ಸ್ 2015ರ ಮೂರನೇ ಆವೃತ್ತಿಯಿಂದ ಇದಕ್ಕೆ ಸಿದ್ಧ. ಆದರೆ ಆ ಕಡೆಯ ಸರ್ವರೂ ಒಪ್ಪಬೇಕು, ಒಪ್ಪದಿದ್ದರೆ ಐದರ ಸಂಖ್ಯೆ ಹಿಡಿದು ಪತ್ರ ಹಿಂದಕ್ಕೆ. ಸದ್ಯಕ್ಕೆ ಜೊತೆಗೊಂದು ಇಂಗ್ಲಿಷ್ ವಿಳಾಸವೂ ಇರಲಿ.

ಹಾಗಾದರೆ ಎಲ್ಲರೂ ಸ್ವಂತ ಸರ್ವರ್ ಕಟ್ಟಬೇಕೇ? ಬೇಡ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ 25ನೇ ಬಾಗಿಲನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ, ಆ ಸಂಪರ್ಕದ ಇಂಟರ್‌ನೆಟ್ ವಿಳಾಸದ ಅಂಕಿ ಬದಲಾಗುತ್ತಿರುತ್ತದೆ, ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಸರ್ವರನ್ನು ಮುಂಬೈಯಲ್ಲೋ ಬೆಂಗಳೂರಲ್ಲೋ ಬಾಡಿಗೆಗೆ ಹಿಡಿದು ಇಲ್ಲಿಂದ ನೋಡಿಕೊಳ್ಳುವುದೇ ರೂಢಿ. ಕಮಾಂಡ್ ಲೈನಿನ ಸುಖ ಅಲ್ಲಿ ತಿಳಿಯುವುದು: ಸಂಡೂರಿನ ಬೆಟ್ಟದಲ್ಲಿ ಸಿಗ್ನಲ್ ಒಂದೇ ಕಡ್ಡಿ ಇದ್ದರೂ ಬರೀ ಅಕ್ಷರ ತಾನೆ, ಬರುತ್ತವೆ. ಚಿತ್ರಗಳ ಪುಟ ಅಲ್ಲಿ ತೆರೆಯುವಷ್ಟರಲ್ಲಿ ಕತ್ತಲಾಗುತ್ತದೆ. ಹತ್ತು ಜನರ ಅಂಗಡಿಯವರು ಮೇಲ್ ಸೇವೆ ಬಾಡಿಗೆಗೆ ತೆಗೆದುಕೊಳ್ಳುವುದೇ ಜಾಣತನ. ಡೊಮೇನ್ ಹೆಸರು ಮಾತ್ರ ನಿಮ್ಮ ಹೆಸರಿನಲ್ಲೇ ಇರಲಿ, ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿ ಬೇಡ. ಆ ಹುಡುಗ ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಡೊಮೇನ್ ನವೀಕರಣದ ದಿನ ಅವನ ಫೋನು ಹತ್ತುವುದಿಲ್ಲ.

ಕಲಿಯುವ ಮನಸ್ಸಿರುವ ಕಾಲೇಜು ಮಕ್ಕಳಿಗೆ ಹಳೆಯ ಕಂಪ್ಯೂಟರೊಂದು ಸಾಕು. ಡೆಬಿಯನ್ ಎಂಬ ಕಾರ್ಯಾಚರಣೆ ತಂತ್ರಾಂಶ ಹಾಕಿ, ಪೋಸ್ಟ್‌ಫಿಕ್ಸನ್ನು ಹೊರಗಿನ ಸಂಪರ್ಕವಿಲ್ಲದಂತೆ ನಿಲ್ಲಿಸಿ, ಇಬ್ಬರು ಬಳಕೆದಾರರನ್ನು ಮಾಡಿ, ಒಬ್ಬರಿಂದ ಒಬ್ಬರಿಗೆ ಪತ್ರ ಕಳಿಸಿ ಲಾಗ್ ಓದಿ. ಹಾಸ್ಟೆಲಿನ ಕೋಣೆಯಲ್ಲೇ ಆಗುವ ಕೆಲಸ. ಉಳಿದ ನಿಮಗೆಲ್ಲ ಒಂದು ಸಣ್ಣ ಪರೀಕ್ಷೆ. ಎಸ್‌ಎಂಟಿಪಿ ನಿಯಮದ ಪ್ರಕಾರ ಪತ್ರ ಸ್ವೀಕರಿಸುವ ಪ್ರತಿ ಡೊಮೇನಿಗೂ ಪೋಸ್ಟ್‌ಮಾಸ್ಟರ್ ಎಂಬ ವಿಳಾಸ ಇರಲೇಬೇಕು. ನಿಮ್ಮ ಸಂಸ್ಥೆಯ ಪೋಸ್ಟ್‌ಮಾಸ್ಟರ್‌ಗೆ ಇವತ್ತೇ ಒಂದು ಪತ್ರ ಬರೆದು ನೋಡಿ. ಉತ್ತರ ಬಂದರೆ ಸಂತೋಷ. 550 ಬಂದರೆ ನಾಳೆ ಯಾರನ್ನು ಕೇಳಬೇಕು ಎಂದು ಗೊತ್ತಾಯಿತು. ಏನೂ ಬರದಿದ್ದರೆ ಆ ಪೆಟ್ಟಿಗೆಯ ಕೀಲಿಕೈ ಯಾರ ಬಳಿ ಇದೆ ಎಂದು ಮ್ಯಾನೇಜರನ್ನು ಕೇಳಿ.